ಗ್ಯಾಸ್ ಸೋರಿದ್ರೆ ಮೇಲಕ್ಕೋ, ಕೆಳಕ್ಕೋ?

ಹೈದರಾಬಾದಿನಲ್ಲಿ ಮನೆ ಬದಲಿಸಿ, ಸಿಲಿಂಡರ್ ಬಿಟ್ಟು ಭಾಗ್ಯನಗರ್ ಗ್ಯಾಸ್ ಪೈಪಿಗೆ ಬಂದವರು ಇದನ್ನ ಕೇಳಿ. ಒಂದೇ ತಾಪಮಾನ, ಒಂದೇ ಒತ್ತಡದಲ್ಲಿ ಸಮಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆ ಒಂದೇ. ಪಿಯುಸಿಯಲ್ಲಿ ಉರು ಹೊಡೆದ ಅವೊಗಾಡ್ರೋ ನಿಯಮ! ಹಾಗಾಗಿ ಅಣುತೂಕ ಹೆಚ್ಚಾದ್ರೆ ಸಾಂದ್ರತೆಯೂ ಹೆಚ್ಚು. ಗಾಳಿಯ ಸರಾಸರಿ 29. ಸಿಲಿಂಡರಿನ ಪ್ರೋಪೇನ್ 44, ಬ್ಯೂಟೇನ್ 58. ಸೋರಿದ್ರೆ ನೆಲದ ಮೇಲೆ ಹರಡಿ ಮೂಲೆಯಲ್ಲಿ ಕೂರುತ್ತೆ. ಪೈಪಿನ ಮೀಥೇನ್ 16, ಅದು ಚಾವಣಿ ಕಡೆಗೆ ಏರುತ್ತೆ. ಹಳೇ ಮನೆಯಲ್ಲಿ ನೆಲದ ಹತ್ತಿರವಿದ್ದ ಡಿಟೆಕ್ಟರನ್ನ ಇಲ್ಲೂ ಕೆಳಗೇ ಹಾಕಿದ್ರೆ, ಅದು ಕೂಗೋ ಹೊತ್ತಿಗೆ ತಡವಾಗಿರುತ್ತೆ. ಮೀಥೇನ್ ಹಿಡಿಯೋ ಮಾಡೆಲ್ಲೇ ತಗೊಳ್ಳಿ, ಮೇಲೆ ಹಾಕಿಸಿ. ಅಂದಹಾಗೆ ಈ ಲೆಕ್ಕ ಅನಿಲಕ್ಕೆ ಮಾತ್ರ: ನೀರಿನ ಅಣುತೂಕ ಬರೀ 18, ಆದ್ರೂ ದ್ರವ ಬ್ಯೂಟೇನ್ ನೀರಿಗಿಂತ ಹಗುರ. ವಾಸನೆ ಬಂದ್ರೆ ಸ್ವಿಚ್ ಮುಟ್ಟಬೇಡಿ. ವಾಲ್ವ್ ಮುಚ್ಚಿ, ಕಿಟಕಿ ತೆಗೀರಿ.