ಗಣಕಯಂತ್ರದ ಕಡತಗಳು: ತ್ಯಾಜ್ಯ ಯಾವುದು, ರಕ್ಷಣೀಯ ಯಾವುದು?



ಮನೆಯ ಅಟ್ಟ ತುಂಬಿದರೆ ಕಣ್ಣಿಗೆ ಕಾಣುತ್ತದೆ. ಗಣಕಯಂತ್ರದ ಹಾರ್ಡ್ ಡಿಸ್ಕ್ ತುಂಬಿದರೆ ಕಾಣುವುದಿಲ್ಲ. ಯಂತ್ರ ಮಂದವಾಗಿ, ಸುರಕ್ಷತೆಗೆ ಅವಶ್ಯವಾದ ಪರಿಷ್ಕರಣಗಳು ಸ್ಥಳಾಭಾವದಿಂದ ವಿಫಲವಾದಾಗಲೇ ಬಳಕೆದಾರರ ಗಮನ ಅತ್ತ ಹರಿಯುತ್ತದೆ. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಪ್ರಥಮ ಹಾರ್ಡ್ ಡಿಸ್ಕ್ 50 ತಟ್ಟೆಗಳಿಂದ ಕೂಡಿದ್ದರೂ ಸುಮಾರು 50 ಲಕ್ಷ ಅಕ್ಷರಗಳನ್ನಷ್ಟೇ ಧರಿಸುತ್ತಿತ್ತು. ಇಂದಿನ ಸಾಧಾರಣ ಯಂತ್ರದ ಧಾರಣಶಕ್ತಿ ಅದರ ಸುಮಾರು ಲಕ್ಷ ಪಟ್ಟು. ಆದರೂ ಅದು ತುಂಬುತ್ತದೆ.

ಮೊದಲು ತೆಗೆಯಬೇಕಾದುವು ತಾತ್ಕಾಲಿಕ ಕಡತಗಳು, ಬ್ರೌಸರ್ ಸಂಗ್ರಹಿಸಿಟ್ಟ ಪುಟಗಳ ಪ್ರತಿಗಳು, ಕೆಲಸ ಮುಗಿದ ಇನ್‌ಸ್ಟಾಲರ್‌ಗಳು. ವಿಂಡೋಸ್ 10 ಮತ್ತು 11ರ 'ಸೆಟ್ಟಿಂಗ್ಸ್'ನಲ್ಲಿರುವ 'ಸ್ಟೋರೇಜ್' ಪುಟ ಯಾವುದು ಎಷ್ಟು ಸ್ಥಳ ಆಕ್ರಮಿಸಿದೆಯೆಂಬುದನ್ನು ತೋರಿಸುತ್ತದೆ. ಆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಸಹ ಇರುವುದರಿಂದ, ಅದರೊಳಗಿನದನ್ನು ಪರಿಶೀಲಿಸದೆ ಗುರುತು ಹಾಕಬಾರದು. 'ರೀಸೈಕಲ್ ಬಿನ್' ಬರಿದು ಮಾಡುವವರೆಗೆ ಅಳಿಸಿದ ಕಡತವೂ ಸ್ಥಳ ಹಿಡಿದೇ ಇರುತ್ತದೆ. 'ವಿಂಡೋಸ್' ಮತ್ತು 'ಪ್ರೋಗ್ರಾಂ ಫೈಲ್ಸ್' ಫೋಲ್ಡರುಗಳಿಗೆ ಕೈ ಹಾಕುವುದು ಅಪಾಯಕರ. ಬೇಡವಾದ ತಂತ್ರಾಂಶವನ್ನು 'ಅನ್‌ಇನ್‌ಸ್ಟಾಲ್' ಮಾರ್ಗದಿಂದಲೇ ತೆಗೆಯಬೇಕು.

ಕನ್ನಡಿಗರು ಲಕ್ಷಿಸಬೇಕಾದ ವಿಷಯವೊಂದಿದೆ. ಯೂನಿಕೋಡ್ ಬಳಕೆ ವ್ಯಾಪಕವಾಗುವ ಮುನ್ನ ನುಡಿ, ಬರಹ ಮುಂತಾದ ತಂತ್ರಾಂಶಗಳ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳು ಇಂದಿಗೂ ಅನೇಕರಲ್ಲಿವೆ. ಹಳೆಯ ಫಾಂಟು ನಿರುಪಯುಕ್ತವೆಂದು ಅಳಿಸಿದರೆ ಕಡತ ಉಳಿಯುತ್ತದೆ, ಕನ್ನಡ ಉಳಿಯುವುದಿಲ್ಲ; ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಮಾತ್ರ ಕಾಣುತ್ತವೆ. ಹೊರನಾಡಿನ ಸಂಘವೊಂದರ ಹಳೆಯ ನಡವಳಿಗಳಾಗಲಿ, ತಂದೆಯವರ ಆತ್ಮಕಥನದ ಹಸ್ತಪ್ರತಿಯಾಗಲಿ ಹೀಗೆ ಮೂಕವಾಗಬಹುದು. ಫಾಂಟು ಹಿಡಿಯುವ ಸ್ಥಳವಾದರೋ ಅತ್ಯಲ್ಪ. ಅಂತಹ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಮೂಲದೊಡನೆ ಹೋಲಿಸಿ ನೋಡಿ, ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿಟ್ಟ ನಂತರವೇ ಶುದ್ಧೀಕರಣಕ್ಕೆ ತೊಡಗುವುದು ಲೇಸು.

ಕಚೇರಿಯ ಯಂತ್ರದ ವಿಷಯ ಬೇರೆ. 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮದ ವ್ಯಾಖ್ಯೆಯಲ್ಲಿ ಗಣಕಯಂತ್ರದಿಂದ ಉತ್ಪನ್ನವಾದ ಸಾಮಗ್ರಿಯೂ ಸೇರಿದೆ. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಇಂತಹ ದಾಖಲೆಯನ್ನು ನಿಯಮಾನುಸಾರವಲ್ಲದೆ ನಾಶಪಡಿಸುವಂತಿಲ್ಲ. ಡಿಸ್ಕಿನಲ್ಲಿ ಸ್ಥಳವಿಲ್ಲವೆಂಬುದು ಅದಕ್ಕೆ ಸಮರ್ಥನೆಯಾಗದು.

ಯಂತ್ರವನ್ನು ಮಾರುವಾಗ ಎಚ್ಚರಿಕೆ ಇದಕ್ಕೆ ವಿರುದ್ಧವಾದುದು. ಸಾಮಾನ್ಯವಾಗಿ ಅಳಿಸುವಿಕೆಯಿಂದ ಹಾರ್ಡ್ ಡಿಸ್ಕಿನ ಸೂಚಿಯಲ್ಲಿರುವ ನಮೂದು ಹೋಗುತ್ತದೆಯೇ ಹೊರತು, ಮೇಲೆ ಬೇರೆ ಮಾಹಿತಿ ಬರೆಯಲ್ಪಡುವವರೆಗೆ ಒಳಗಿನ ಮಾಹಿತಿ ಉಳಿದಿರುತ್ತದೆ. ಬ್ಯಾಂಕಿನ ಕಾಗದಪತ್ರಗಳು ಪರರ ಕೈಸೇರದಂತೆ ಇಡೀ ಡಿಸ್ಕನ್ನು ಸಂಪೂರ್ಣವಾಗಿ ಒರೆಸುವ ಸೌಲಭ್ಯವನ್ನು ಆಗ ಬಳಸಬೇಕು.

ಅಳಿಸಲು ಒಂದು ಕ್ಷಣ ಸಾಕು. ಅದಕ್ಕೆ ಮುನ್ನ ತೆರೆದು ನೋಡುವ ತಾಳ್ಮೆಯೇ ಶುದ್ಧೀಕರಣದ ಮೊದಲ ನಿಯಮ.