ನೆಲವನ್ನು ಕೇಳಿ, ಆಮೇಲೆ ಡಿಸ್ಕ್ ತಗೊಳ್ಳಿ

ಬೆಂಗಳೂರಿನಲ್ಲಿ 18 ವರ್ಷದಿಂದ ಕಾರ್ಖಾನೆ ಮತ್ತು ಗೋದಾಮುಗಳ ನೆಲದ ಕೆಲಸ ಮಾಡಿಸ್ತಾ ಇದ್ದೀನಿ. ಕಾಂಕ್ರೀಟ್ ನೆಲವನ್ನು ಉಜ್ಜಿ, ಅದರ ಮೇಲೆ ಎಪಾಕ್ಸಿ ಹಾಕೋದು ನಮ್ಮ ಕಸುಬು. ನೋಡೋರಿಗೆ ಮೇಲಿನ ಬಣ್ಣವೇ ಕೆಲಸ. ಆದರೆ ಆ ಬಣ್ಣ ಹತ್ತು ವರ್ಷ ನಿಲ್ಲುತ್ತೋ ಹತ್ತು ವಾರಕ್ಕೆ ಏಳುತ್ತೋ ಅನ್ನೋದು ಕೆಳಗಿನ ಉಜ್ಜುವಿಕೆಯಲ್ಲೇ ತೀರ್ಮಾನ ಆಗಿರುತ್ತೆ. ಉಜ್ಜೋದಕ್ಕೆ ಬಳಸುವ ಡೈಮಂಡ್ ಡಿಸ್ಕ್ ಆರಿಸೋದು ಹೇಗೆ ಅಂತ ಇವತ್ತು ಹೇಳ್ತೀನಿ. ಮೊದಲು ನಾನು ಕೆಟ್ಟ ಕಥೆ ಕೇಳಿ.

ನೆಲಮಂಗಲದ ಕಡೆ ಒಂದು ಗೋದಾಮು, 12,000 ಚದರಡಿ. ಹೊಸ ನೆಲ, ಮೇಲೆ ಹಾರ್ಡನರ್ ಪುಡಿ ಉದುರಿಸಿ ಪವರ್ ಟ್ರೋವೆಲ್‌ನಲ್ಲಿ ಕನ್ನಡಿ ಥರ ತಿಕ್ಕಿದ್ರು. ಇಷ್ಟು ಗಟ್ಟಿ ನೆಲಕ್ಕೆ ಗಟ್ಟಿ ಡಿಸ್ಕೇ ಬೇಕು ಅಂತ ಅಂಗಡಿಯಲ್ಲಿದ್ದ ಅತಿ ದುಬಾರಿ, ಅತಿ ಗಟ್ಟಿ ಸೆಗ್ಮೆಂಟ್ ತಂದೆ. ಮೊದಲ ದಿನ ಸಂಜೆಗೆ ಮುಗಿದಿದ್ದು 400 ಚದರಡಿ. ನಮ್ಮ ಹುಡುಗರಲ್ಲಿ ಒಬ್ಬ ಇಳಕಲ್ ಕಡೆಯವನು, ಗ್ರಾನೈಟ್ ಕೊಯ್ಯುವ ಕೆಲಸದಲ್ಲಿ ಪಳಗಿದವನು. ಮಷೀನ್ ನಿಲ್ಲಿಸಿ ಹೇಳಿದ: "ಅಣ್ಣಾರ, ಇದು ತಿನ್ನವಲ್ದು. ಬರೀ ಮ್ಯಾಲೆ ಜಾರಾಕತ್ತೈತಿ. ಗಟ್ಟಿ ಕಲ್ಲಿಗೆ ಮೆತ್ತನ ಬ್ಲೇಡ ಬೇಕ್ರಿ."

ನಾನು ಕೇಳಲಿಲ್ಲ. ಮಷೀನ್ ಮೇಲೆ ಇನ್ನಷ್ಟು ಭಾರ ಹೇರಿ ಓಡಿಸಿ ಅಂದೆ. ನೆಲ ಇನ್ನೂ ಹೊಳೆಯಿತು. ಹೊಳಪು ಬಂತು ಅಂದ್ರೆ ಸ್ವಚ್ಛ ಆಯ್ತು ಅಂದ್ಕೊಂಡು ಪ್ರೈಮರ್, ಎಪಾಕ್ಸಿ ಎಲ್ಲ ಹಾಕಿಸಿದೆ. ಎರಡು ತಿಂಗಳು ಕಳೆಯೋದ್ರೊಳಗೆ, ಫೋರ್ಕ್‌ಲಿಫ್ಟ್ ತಿರುಗುವ ಜಾಗದಲ್ಲೆಲ್ಲ ಬಣ್ಣ ಈರುಳ್ಳಿ ಸಿಪ್ಪೆ ಥರ ಎದ್ದು ಬಂತು. ಪೂರ್ತಿ ಕಿತ್ತು, ನನ್ನ ಖರ್ಚಿನಲ್ಲೇ ಮತ್ತೆ ಮಾಡಿಕೊಟ್ಟೆ. ಆ ವರ್ಷದ ಲಾಭ ಆ ಒಂದು ನೆಲದಲ್ಲೇ ಹೋಯ್ತು.

ಆ ಹುಡುಗ ಹೇಳಿದ್ದು ಯಾಕೆ ಸರಿ? ಡೈಮಂಡ್ ಡಿಸ್ಕ್ ಅಂದ್ರೆ ಪೂರ್ತಿ ವಜ್ರ ಅಲ್ಲ. ಕಾರ್ಖಾನೆಯಲ್ಲಿ ತಯಾರಾದ ಸಣ್ಣ ವಜ್ರದ ಕಾಳುಗಳನ್ನು ಲೋಹದ ಪುಡಿ ಜೊತೆ ಬೆರೆಸಿ, ಒತ್ತಿ, ಕಾಯಿಸಿ ಮಾಡಿದ ತುಂಡುಗಳು ಅವು. ಆ ತುಂಡಿಗೆ ಸೆಗ್ಮೆಂಟ್ ಅಂತೀವಿ, ವಜ್ರ ಹಿಡಿದಿಟ್ಟಿರುವ ಲೋಹಕ್ಕೆ ಬಾಂಡ್ ಅಂತೀವಿ. ಕೆರೆಯೋದು ವಜ್ರ. ಆದರೆ ಕೆರೆದೂ ಕೆರೆದೂ ಅದರ ಮೊನೆ ಮೊಂಡಾಗುತ್ತೆ. ಆಗ ಸುತ್ತಲಿನ ಲೋಹ ಸವೆದು, ಹಳೇ ಕಾಳು ಉದುರಿ, ಒಳಗಿನ ಹೊಸ ಕಾಳು ಹೊರಗೆ ಬರಬೇಕು. ಅಂದ್ರೆ ಡಿಸ್ಕ್ ಸವೆಯಬೇಕು. ಸವೆಯದ ಡಿಸ್ಕ್ ಕೆಲಸ ಮಾಡಲ್ಲ.

ಲೋಹವನ್ನು ಸವೆಸೋದು ನೆಲದಿಂದ ಏಳುವ ಪುಡಿ. ಗಟ್ಟಿ ನೆಲದ ಪುಡಿ ಮೈದಾ ಹಿಟ್ಟಿನ ಥರ ನಯ, ಅದು ಲೋಹವನ್ನು ಸವೆಸಲ್ಲ. ಹಾಗಾಗಿ ಅಲ್ಲಿ ಬೇಗ ಸವೆಯುವ ಮೆದು ಬಾಂಡ್ ಬೇಕು. ಮೆತ್ತನೆ ನೆಲದಿಂದ ಏಳೋದು ಮರಳು ಮರಳಾದ ಒರಟು ಪುಡಿ, ಅದು ಲೋಹವನ್ನು ಅರದ ಥರ ತಿಂದು ಹಾಕುತ್ತೆ. ಅಲ್ಲಿ ಗಟ್ಟಿ ಬಾಂಡ್ ಬೇಕು. ಗಟ್ಟಿ ನೆಲಕ್ಕೆ ಮೆದು, ಮೆದು ನೆಲಕ್ಕೆ ಗಟ್ಟಿ. ಇದೊಂದು ನೆನಪಿಟ್ಟುಕೊಂಡ್ರೆ ಅರ್ಧ ಕೆಲಸ ಆದ ಹಾಗೆ.

ಮೆದು ನೆಲದ ಪಾಠವೂ ನನಗಾಗಿದೆ. ಪೀಣ್ಯದಲ್ಲಿ ಒಂದು ಹಳೇ ಶೆಡ್, ನೆಲ ಕಾಲಲ್ಲಿ ಉಜ್ಜಿದ್ರೇ ಪುಡಿ ಏಳ್ತಿತ್ತು. ನೆಲಮಂಗಲದಲ್ಲಿ ಕಲಿತದ್ದನ್ನೇ ಅಲ್ಲೂ ಮಾಡೋಣ ಅಂತ ಮೆದು ಬಾಂಡ್ ಹಾಕಿಸಿದೆ. ಒಂದೇ ದಿನಕ್ಕೆ ಒಂದು ಸೆಟ್ ಸೆಗ್ಮೆಂಟ್ ಬುಡದವರೆಗೆ ಸವೆದು ಹೋಯ್ತು. ಪಾಠವನ್ನು ಅರ್ಧ ಕಲಿತ್ರೂ ನಷ್ಟವೇ.

ಹಾಗಾದ್ರೆ ನೆಲ ಗಟ್ಟಿಯೋ ಮೆದುವೋ ಗೊತ್ತಾಗೋದು ಹೇಗೆ? ಎಂ25, ಎಂ30 ಅಂತ ಕಾಂಕ್ರೀಟಿನ ಗ್ರೇಡ್ ಕೇಳಿದ್ರೆ ಸಾಲದು. ನಾವು ಉಜ್ಜೋದು ಮೇಲಿನ ಒಂದೆರಡು ಮಿಲಿಮೀಟರ್ ಮಾತ್ರ. ಒಳಗೆ ಒಳ್ಳೇ ಕಾಂಕ್ರೀಟ್ ಇದ್ರೂ, ನೀರು ಜಾಸ್ತಿಯಾಗಿ ಮೇಲೆ ಸಿಮೆಂಟ್ ಕೆನೆ ಕಟ್ಟಿದ್ರೆ ಆ ಪದರ ಮೆದು. ಹಾರ್ಡನರ್ ಹಾಕಿ ಟ್ರೋವೆಲ್ ಮಾಡಿದ್ರೆ ಅದೇ ಕಾಂಕ್ರೀಟಿನ ಮೇಲ್ಮೈ ಬಹಳ ಗಟ್ಟಿ.

ಅದಕ್ಕೆ ಗೀಚಿ ನೋಡಬೇಕು. ಜರ್ಮನಿಯ ಖನಿಜ ವಿಜ್ಞಾನಿ ಫ್ರೆಡ್ರಿಕ್ ಮೊಹ್ಸ್ 1812ರಲ್ಲಿ ಗಡಸುತನಕ್ಕೆ ಒಂದು ಅಳತೆ ಮಾಡಿದ್ರು. ಅದರಲ್ಲಿ ಟಾಲ್ಕ್‌ಗೆ 1, ವಜ್ರಕ್ಕೆ 10. ಅದೇ ಲೆಕ್ಕದ 9, 7, 5, 3ನೇ ಅಂಕದ ಗೀಚುಕಡ್ಡಿಗಳ ಕಿಟ್ ಸಿಗುತ್ತೆ. 9ರ ಕಡ್ಡಿ ಮಾತ್ರ ಗೀರಿದ್ರೆ ನೆಲ ಬಹಳ ಗಟ್ಟಿ. 7 ಗೀರಿ 5 ಗೀರದಿದ್ರೆ ಮಧ್ಯಮ. 5 ಗೀರಿದ್ರೆ ಮೆದು, 3 ಗೀರಿದ್ರೆ ತೀರಾ ಮೆದು. ಕಿಟ್ ಇಲ್ಲವಾ? ಒಂದು ಕಬ್ಬಿಣದ ಮೊಳೆ ತಗೊಂಡು ಒತ್ತಿ ಗೀಚಿ. ಪುಡಿ ಎದ್ದು ಗೆರೆ ಕೊರೆದ್ರೆ ಮೆದು. ಪೆನ್ಸಿಲ್ ಗೆರೆ ಥರ ಲೋಹದ ಗುರುತಷ್ಟೇ ಬಿದ್ರೆ ಗಟ್ಟಿ. ಒಂದೇ ಕಡೆ ನೋಡಬೇಡಿ. ಬಾಗಿಲ ಹತ್ತಿರ, ನಡುವೆ, ಮೂಲೆ, ಎಲ್ಲ ಕಡೆ ಗೀಚಿ. ಒಂದೇ ನೆಲದಲ್ಲಿ ಎರಡು ಸ್ವಭಾವ ಇರೋದು ನಮ್ಮಲ್ಲಿ ಮಾಮೂಲು.

ಬಾಂಡ್ ಆದ ಮೇಲೆ ಗ್ರಿಟ್. ಸಂಖ್ಯೆ ಚಿಕ್ಕದಾದಷ್ಟು ಕಾಳು ದಪ್ಪ. ಕೆನೆ ತೆಗೆಯೋಕೆ 16 ಅಥವಾ 20, ಸಾಮಾನ್ಯ ಎಪಾಕ್ಸಿ ಕೋಟಿಂಗ್‌ಗೆ 30 ಅಥವಾ 40. ನುಣುಪು ಆದಷ್ಟೂ ಒಳ್ಳೇದು ಅಂತ 120ರವರೆಗೆ ಹೋಗಬೇಡಿ, ಅದು ಪಾಲಿಶ್ ಮಾಡೋರ ದಾರಿ. ಎಪಾಕ್ಸಿಗೆ ಹಿಡಿತ ಬೇಕು, ನೆಲ ಸಣ್ಣ ಉಪ್ಪುಕಾಗದದ ಥರ ತರಿತರಿಯಾಗಿರಬೇಕು. ಉಜ್ಜಿದ ಮೇಲೆ ನಾಲ್ಕು ಹನಿ ನೀರು ಬಿಟ್ಟು ನೋಡಿ. ನೆಲ ಹೀರಿಕೊಂಡು ಕಪ್ಪಾದ್ರೆ ಸರಿ, ಮುತ್ತಿನ ಥರ ನಿಂತ್ರೆ ಮೇಲೆ ಇನ್ನೂ ಏನೋ ಉಳಿದಿದೆ. ನೆಲಮಂಗಲದಲ್ಲಿ ಈ ನಾಲ್ಕು ಹನಿ ಹಾಕಿದ್ರೆ ನಾನು ಉಳ್ಕೊಳ್ತಿದ್ದೆ.

ನೆಲದ ಮೇಲೆ ಹಳೇ ಎಪಾಕ್ಸಿ, ಟೈಲ್ಸ್ ಅಂಟು ಇದ್ರೆ ಮಾಮೂಲಿ ಡಿಸ್ಕ್ ಹಾಕಬೇಡಿ. ಬಿಸಿಗೆ ಅಂಟು ಕರಗಿ ಸೆಗ್ಮೆಂಟ್ ಮುಚ್ಚಿಹೋಗುತ್ತೆ. ಅದಕ್ಕೆ ಪಿಸಿಡಿ ಅಂತ ಬರುತ್ತೆ, ದೊಡ್ಡ ವಜ್ರದ ಹಲ್ಲುಗಳಿರುವಂಥದ್ದು. ಅದು ಉಜ್ಜಲ್ಲ, ಹೆರೆಯುತ್ತೆ. ಆದರೆ ಬರೀ ಕಾಂಕ್ರೀಟ್ ಮೇಲೆ ಅದೇ ಓಡಿಸಿದ್ರೆ ಗೀರು ಬೀಳುತ್ತೆ. ಹೆರೆದ ಮೇಲೆ ಮತ್ತೆ ಮಾಮೂಲಿ ಡಿಸ್ಕ್‌ಗೆ ಬನ್ನಿ.

ಗೋಡೆ ಅಂಚು, ಕಂಬದ ಬುಡಕ್ಕೆ ಕೈ ಗ್ರೈಂಡರ್‌ನಲ್ಲಿ ಕಪ್ ವೀಲ್ ಹಾಕ್ತೀವಿ. 100 ಮಿ.ಮೀ. ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತೆ, 180 ಮಿ.ಮೀ.ಯದು ಸುಮಾರು 8,500. ಕಪ್ ಮೇಲೆ ಬರೆದಿರುವ ಗರಿಷ್ಠ ವೇಗ ನಿಮ್ಮ ಮಷೀನಿನ ವೇಗಕ್ಕಿಂತ ಕಮ್ಮಿ ಇರಬಾರದು. ದೊಡ್ಡ ಕಪ್ ಕೂರಿಸೋಕೆ ಗಾರ್ಡ್ ಬಿಚ್ಚೋದು ನಮ್ಮ ಸೈಟ್‌ಗಳಲ್ಲಿ ದಿನಾ ಕಾಣುತ್ತೆ. ದಯವಿಟ್ಟು ಬೇಡ. ಸೆಗ್ಮೆಂಟ್ ಕಿತ್ತು ಹಾರಿದ್ರೆ ಅದಕ್ಕೆ ಕಣ್ಣು, ಕೈ ಅನ್ನೋ ಭೇದ ಇಲ್ಲ.

ಕೊನೆಯದಾಗಿ ಧೂಳು. ಜಲ್ಲಿ, ಮರಳಿನಲ್ಲಿ ಇರೋದು ಸಿಲಿಕಾ. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣ ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲೇ ಕೂರುತ್ತೆ. ಸಿಲಿಕೋಸಿಸ್‌ಗೆ ವಾಸಿ ಮಾಡುವ ಔಷಧ ಇಲ್ಲ, ಕ್ಯಾನ್ಸರಿಗೂ ಇದು ಕಾರಣ. ಕೋಲಾರದ ಚಿನ್ನದ ಗಣಿ ಕಾರ್ಮಿಕರನ್ನು ಕಾಡಿದ್ದು ಇದೇ ಕಾಯಿಲೆ. ಆ ಇಳಕಲ್ ಹುಡುಗ ಮುಖಕ್ಕೆ ಒದ್ದೆ ಟವೆಲ್ ಕಟ್ಟಿಕೊಂಡು ಉಜ್ಜುತ್ತಿದ್ದ, ಅಷ್ಟು ಸಾಕು ಅಂದ್ಕೊಂಡಿದ್ದೆ. ಟವೆಲ್ ಈ ಧೂಳನ್ನು ತಡೆಯಲ್ಲ. ಈಗ ಡಿಸ್ಕ್ ಸುತ್ತ ಮುಚ್ಚುವ ಕವರ್, ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್, ಸರಿಯಾದ ಮಾಸ್ಕ್ ಇಲ್ಲದೆ ಮಷೀನ್ ಚಾಲೂ ಮಾಡಿಸಲ್ಲ. ನೀರು ಹಾಕಿ ಉಜ್ಜಿದ್ರೂ ಧೂಳು ಕಮ್ಮಿ. ಆದರೆ ಕೆಸರು ಒಣಗೋ ಮೊದಲೇ ತೆಗೀಬೇಕು, ಇಲ್ಲಾಂದ್ರೆ ಅದೇ ಹೊಸ ಕೆನೆ ಆಗುತ್ತೆ.

ಈಗ ನಾನು ಪೂರ್ತಿ ಸೆಟ್ ಕೊಳ್ಳೋ ಮೊದಲು ಮೆದು, ಮಧ್ಯಮ, ಗಟ್ಟಿ ಮೂರೂ ತಂದು, ಸೈಟಲ್ಲಿ ಹತ್ತತ್ತು ನಿಮಿಷ ಓಡಿಸಿ ನೋಡ್ತೀನಿ. ಸೆಗ್ಮೆಂಟ್ ಮುಟ್ಟಿದ್ರೆ ಬೆರಳಿಗೆ ಕಾಳು ತಾಗಬೇಕು. ಗಾಜಿನ ಥರ ಜಾರಿದ್ರೆ ಇನ್ನೂ ಮೆದುವಿಗೆ ಹೋಗ್ತೀನಿ. ಕಣ್ಣೆದುರೇ ಸವೆದ್ರೆ ಗಟ್ಟಿಗೆ ಹೋಗ್ತೀನಿ. ಡಿಸ್ಕ್‌ಗಳ ಬಣ್ಣ ನೋಡಿ ನಂಬಬೇಡಿ, ಒಂದೊಂದು ಕಂಪನಿಯ ಬಣ್ಣದ ಲೆಕ್ಕ ಒಂದೊಂದು ಥರ.

ಮತ್ತೆ, ಮಷೀನ್ ಹಿಡಿದಿರುವ ಹುಡುಗ "ತಿನ್ನವಲ್ದು" ಅಂದ್ರೆ ನಿಲ್ಲಿಸಿ, ಕೇಳಿ. ನೆಲ ಏನು ಹೇಳ್ತಿದೆ ಅಂತ ಮೊದಲು ಗೊತ್ತಾಗೋದು ಅವನ ಕೈಗೆ.