ಮರಿಯ ಊನ, ಮಾಂಸದ ಭಯ

(ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕುರಿಗಾರರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ನಾನು ಗುಡ್ಡಗಾಡಿನವನು. ನಮ್ಮಲ್ಲಿ ಮಲೆನಾಡು ಗಿಡ್ಡ ದನ. ಭೀಮೆಯ ಸೀಮೆಯ ನಿಮ್ಮಲ್ಲಿ ದಖ್ಖನಿ ಕುರಿ, ಉಸ್ಮಾನಾಬಾದಿ ಮೇಕೆ. ನೆಲ ಬೇರೆ, ಪ್ರಾಣಿ ಬೇರೆ. ಆದರೆ ಎರಡೂ ಕಡೆ ಕೇಳಿಬರುವ ಪ್ರಶ್ನೆ ಒಂದೇ. ಕೆಳದವಡೆ ಗಿಡ್ಡದಾದ, ಗುದದ್ವಾರವೇ ಇಲ್ಲದ, ಕಾಲು ಸೊಟ್ಟಾದ ಮರಿ ಹುಟ್ಟಿದಾಗ ಅದರ ಒಡಹುಟ್ಟುಗಳ, ತಾಯಿಯ ಮಾಂಸವನ್ನು ತಿನ್ನಬಹುದೇ? ಬಸುರಿ ತಿಂದರೆ ಆ ಊನ ಹೊಟ್ಟೆಯ ಕೂಸಿಗೆ ಇಳಿಯುವುದೇ?

ಇಳಿಯುವುದಿಲ್ಲ. ವಂಶವಾಹಿ ತಂದೆತಾಯಿಯಿಂದ ಮರಿಗೆ ವೀರ್ಯ ಮತ್ತು ಅಂಡದ ಮೂಲಕ ಮಾತ್ರ ಸಾಗುತ್ತದೆ; ಊಟದ ಮೂಲಕವಲ್ಲ. ನಾವು ತಿನ್ನುವ ಜೋಳದ ರೊಟ್ಟಿಯಲ್ಲಿಯೂ ತೊಗರಿಯ ಬೇಳೆಯಲ್ಲಿಯೂ ವಂಶವಾಹಿಗಳಿವೆ. ಜಠರ, ಕರುಳುಗಳು ಅವನ್ನು ಒಡೆದು ಅರಗಿಸುತ್ತವೆ. ರೊಟ್ಟಿ ತಿಂದವನಿಗೆ ತೆನೆ ಮೂಡುವುದಿಲ್ಲ. ಯುರೋಪಿನ ಬೆಲ್ಜಿಯನ್ ಬ್ಲೂ ತಳಿಯ ದನಗಳಲ್ಲಿ ಮಾಂಸಖಂಡಗಳು ಅತಿಯಾಗಿ ಉಬ್ಬಿರುವುದು ಒಂದು ವಂಶವಾಹಿಯ ದೋಷದಿಂದಲೇ. ಆ ದೋಷ ಪತ್ತೆಯಾದದ್ದು 1997ರಲ್ಲಿ. ಅದಕ್ಕೂ ಮೊದಲಿನಿಂದ ಅಲ್ಲಿಯ ಜನ ಆ ಮಾಂಸವನ್ನು ಉಣ್ಣುತ್ತಿದ್ದಾರೆ. ಕಷ್ಟವೇನಿದ್ದರೂ ಕರು ಹಾಕಲಾಗದ ಹಸುವಿಗೆ.

ಹಾಗಾದರೆ ಮಾಂಸದಲ್ಲಿ ಅಪಾಯವೇ ಇಲ್ಲವೇ? ಇದೆ, ಅದರ ದಾರಿ ಬೇರೆ. ಊನವುಳ್ಳ ಪ್ರಾಣಿ ಹಲವು ವೇಳೆ ದುರ್ಬಲವಾಗಿರುತ್ತದೆ, ಸೋಂಕು ಬೇಗ ತಗಲುತ್ತದೆ, ಚುಚ್ಚುಮದ್ದು ಹೆಚ್ಚು ಬೀಳುತ್ತದೆ. ಜ್ವರ, ಕೀವು, ದೇಹದಲ್ಲಿ ಉಳಿದ ಔಷಧಿ ಇವು ಭಯಪಡಬೇಕಾದ ಸಂಗತಿಗಳು. ಡೈಕ್ಲೋಫೆನಾಕ್ ಎಂಬ ನೋವಿನ ಮದ್ದನ್ನು ಪಡೆದು ಸತ್ತ ದನಗಳನ್ನು ತಿಂದು ನಮ್ಮ ದೇಶದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಅಳಿದವು. 2006ರಲ್ಲಿ ಜಾನುವಾರುಗಳಿಗೆ ಆ ಮದ್ದನ್ನು ನಿಷೇಧಿಸಬೇಕಾಯಿತು. ಹದ್ದುಗಳನ್ನು ಕೊಂದದ್ದು ದನದ ವಂಶವಾಹಿಯಲ್ಲ, ಮನುಷ್ಯನು ಹಾಕಿದ ಮದ್ದು. ಆದ್ದರಿಂದ ಚಿಕಿತ್ಸೆ ಪಡೆದ ಪ್ರಾಣಿಯನ್ನು ವೈದ್ಯರು ಹೇಳಿದಷ್ಟು ದಿನ ಕಳೆಯುವವರೆಗೆ ಕೊಯ್ಯಬಾರದು. ಇದ್ದಕ್ಕಿದ್ದಂತೆ ಸತ್ತು, ಮೂಗು, ಬಾಯಿ, ಗುದದಿಂದ ರಕ್ತ ಸುರಿದ ಪ್ರಾಣಿಯನ್ನಂತೂ ಕೊಯ್ಯುವುದೇ ಬೇಡ. ಅದು ನೆರಡಿ ರೋಗವಿರಬಹುದು. ಅದರ ಬೀಜಕಣಗಳು ಮಣ್ಣಿನಲ್ಲಿ ದಶಕಗಟ್ಟಲೆ ಬದುಕುತ್ತವೆ.

ಇನ್ನೊಂದು ಮಾತು. ಹುಟ್ಟಿನಿಂದ ಬಂದ ಊನವೆಲ್ಲ ವಂಶದ ಊನವಲ್ಲ. ಗಬ್ಬದ ಕುರಿಗೆ ತಾಮ್ರದ ಕೊರತೆಯಾದರೆ ಮರಿಯ ಹಿಂಗಾಲು ಸ್ವಾಧೀನ ತಪ್ಪಬಹುದು. ಅಯೋಡಿನ್ ಕೊರತೆಯಾದರೆ ಮರಿಗೆ ಗಂಟಲಗಡ್ಡೆ ಬರಬಹುದು. ಗಬ್ಬದ ಮೊದಲ ತಿಂಗಳಲ್ಲಿ ಜಂತುವಿಗೆಂದು ಆಲ್ಬೆಂಡಜೋಲ್ ಕುಡಿಸಿದರೂ ಮರಿ ಊನವಾಗುವ ಸಂಭವವಿದೆ. ಇಂಥ ಕಡೆ ತಳಿಯನ್ನು ದೂಷಿಸಿ ಫಲವಿಲ್ಲ.

ವಂಶದ ಊನವಾದರೋ, ನಾವು ಶಿಕ್ಷೆ ಕೊಡುವುದು ತಾಯಿಗೆ. ಕುರಿಯನ್ನು ಸಂತೆಗೆ ಅಟ್ಟುತ್ತೇವೆ. ಟಗರನ್ನು ಮೈಕಟ್ಟು ನೋಡಿ ಉಳಿಸಿಕೊಳ್ಳುತ್ತೇವೆ. ಇಂಥ ದೋಷಗಳಲ್ಲಿ ಬಹುಪಾಲು ಅಡಗಿರುವಂಥವು. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೂ ಕಡೆಯಿಂದ ಬಂದಾಗಲೇ ಊನ ಕಾಣುತ್ತದೆ. ಒಂದನ್ನೇ ಹೊತ್ತ ಟಗರು ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ಅದರ ಹೆಣ್ಣುಮರಿಗಳಲ್ಲಿ ಅರ್ಧದಷ್ಟು ಆ ದೋಷವನ್ನು ಹೊರುತ್ತವೆ. ಅದೇ ಟಗರು ಆ ಮಕ್ಕಳ ಮೇಲೆಯೇ ಹಾರಿದರೆ, ಹುಟ್ಟುವ ಎಂಟು ಮರಿಗಳಲ್ಲಿ ಸರಾಸರಿ ಒಂದಕ್ಕೆ ಊನ. ಹಿಂಡಿನಲ್ಲಿ ಒಂದೇ ಟಗರು ನಾಲ್ಕಾರು ವರ್ಷ ಉಳಿಯುವುದೇ ಇದರ ಮೂಲ.

ಇದು ಕುರಿಹಟ್ಟಿಯ ತಪ್ಪು ಮಾತ್ರವೆಂದು ತಿಳಿಯಬೇಡಿ. ಆಸ್ಬೋರ್ನ್‌ಡೇಲ್ ಐವನ್‌ಹೋ ಎಂಬ ಅಮೆರಿಕದ ಹೆಸರಾಂತ ಹೋಲ್‌ಸ್ಟೀನ್ ಹೋರಿಯ ವಂಶದ ಮೂಲಕ, ಕರುಗಳ ರೋಗನಿರೋಧಕ ಶಕ್ತಿಯನ್ನು ಕಸಿಯುವ ದೋಷವೊಂದು ಜಗತ್ತಿನಾದ್ಯಂತ ಹರಡಿತು. ಅದರ ವಂಶವಾಹಿ ಪತ್ತೆಯಾದ ಮೇಲೆ, 1990ರ ದಶಕದಿಂದ, ಹೋರಿಗಳನ್ನು ಪರೀಕ್ಷಿಸುವ ಪದ್ಧತಿ ಬಂದಿತು. ನಮ್ಮ ದೇಶದ ವೀರ್ಯ ಕೇಂದ್ರಗಳಿಗೂ ಈಗ ಆ ಪರೀಕ್ಷೆಯ ನಿಯಮವಿದೆ. ಹಿಂಡಿನ ಟಗರಿಗೆ ಅಂಥ ಪರೀಕ್ಷೆಯಿಲ್ಲ. ನಿಮ್ಮ ಕಣ್ಣು, ನಿಮ್ಮ ನೆನಪೇ ಪರೀಕ್ಷೆ.

ಆದುದರಿಂದ ನನ್ನ ಬಿನ್ನಹ ಇಷ್ಟು. ಎರಡು ವರ್ಷಕ್ಕೊಮ್ಮೆ ಟಗರನ್ನು, ಹೋತವನ್ನು ಬದಲಿಸಿ. ದೂರದ ಹಿಂಡಿನಿಂದ ತನ್ನಿ, ಆದರೆ ನಿಮ್ಮ ನೆಲಕ್ಕೆ ಒಗ್ಗಿದ ತಳಿಯನ್ನೇ ತನ್ನಿ. ಕೋಡಿಲ್ಲದ ಹೋತವನ್ನು ಕೋಡಿಲ್ಲದ ಮೇಕೆಗೆ ಕೂಡಿಸಬೇಡಿ. ಗಂಡೂ ಅಲ್ಲದ ಹೆಣ್ಣೂ ಅಲ್ಲದ ಮರಿಗಳು ಹುಟ್ಟಬಹುದು. ವಂಶದ ಊನವೆಂದು ತಿಳಿದ ಮೇಲೆ ಆ ಟಗರನ್ನು ಬೀಜ ಒಡೆಸಿ ಮಾಂಸಕ್ಕೆ ಮಾರಿ. ಮತ್ತೊಬ್ಬರ ಹಿಂಡಿಗೆ ತಳಿಯ ಟಗರೆಂದು ಮಾರಬೇಡಿ. ಓದು ಬಲ್ಲ ಮಕ್ಕಳು ಯಾವ ಮರಿಗೆ ಯಾವ ತಂದೆ ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ.

ಆರೋಗ್ಯವಾಗಿರುವ ಪ್ರಾಣಿಯ ವಂಶದೋಷ ಸಾರಿನ ಗಡಿಗೆಯಲ್ಲಿ ಮುಗಿಯುತ್ತದೆ. ಹಿಂಡಿನಲ್ಲಿ ಬಿಟ್ಟರೆ ಅದು ಮೊಮ್ಮಕ್ಕಳ ಕಾಲಕ್ಕೂ ಬೆಳೆಯುತ್ತದೆ. ನಮ್ಮ ಎಚ್ಚರ ಇರಬೇಕಾದದ್ದು ಅಲ್ಲಿ.